ಯಂತ್ರದೋಣಿಯಲ್ಲಿ ತಾಳಿಯ ಸವಾರಿ

ಗಾಡಿಯಲ್ಲಿ ಮೈಕೈ ನೋಯಿಸಿಕೊಂಡು ಮದುವೆಗೆ ಹೋಗುವವರು ಹೋಗಲಿ, ನಾನು ಮಾತ್ರ ನೀರಿನ ಮೇಲೆ ಹೋಗುವವನೇ! ಹಾಗೆಂದು ಇಡೀ ಬಳಗದ ಮುಂದೆ ಸಾರಿಬಿಟ್ಟಿದ್ದೆ. ನಾನೇನು ಸಾಮಾನ್ಯನೇ? ಮಹಾರಾಜರ ಸರ್ಕಾರದ ಕೆರೆ ಓವರ್ಸಿಯರ್ ಸಂಜೀವಯ್ಯ! ಕೆರೆಯ ಆಳ ಅಳೆಯಲು ಸರ್ಕಾರ ಕೊಟ್ಟಿದ್ದ ದೋಣಿಯ ಹಿಂಬದಿಗೆ ವಿಲಾಯಿತಿ ಪೆಟ್ರೋಲ್ ಎಂಜಿನ್ನು ಕಚ್ಚಿಕೊಂಡಿತ್ತು. ಮಧುಗಿರಿ ಸೀಮೆಯಲ್ಲೇ ಅಂಥದ್ದು ಇನ್ನೊಂದಿರಲಿಲ್ಲ. ಅದನ್ನು ಓಡಿಸಬಲ್ಲ ಗಂಡಸೂ ಇನ್ನೊಬ್ಬನಿರಲಿಲ್ಲ.

ಮದುವೆ ನನ್ನ ಭಾವಮೈದುನ ಗಂಗಹನುಮಯ್ಯನದು. ಹೆಣ್ಣಿನ ಊರು ಕೆರೆಯಾಚೆ. ದಿಬ್ಬಣದವರು ಹಿಂದಿನ ದಿನವೇ ಸುತ್ತುದಾರಿ ಹಿಡಿದು ಹೋಗಿದ್ದರು. ಅಕ್ಕಸಾಲಿ ತಾಳಿ ಕೊಡುವುದು ತಡ ಮಾಡಿದ್ದರಿಂದ ಅದನ್ನು ತರಲೆಂದು ಮದುಮಗನ ಅಕ್ಕ, ಅಂದರೆ ನನ್ನ ಹೆಂಡತಿ ಹೊನ್ನಕ್ಕ, ಹಿಂದೆ ಉಳಿದಳು. ತಾಳಿ ಅವಳ ಸೆರಗಿನ ಗಂಟಿನಲ್ಲಿತ್ತು, ಅವಳು ನನ್ನ ದೋಣಿಯಲ್ಲಿದ್ದಳು. ಹೊತ್ತು ನೆತ್ತಿಗೆ ಬರುವ ಮೊದಲು ತಾಳಿ ಕಟ್ಟಬೇಕು.

"ಗಾಡಿ ಕಟ್ಸಿ ಅಂತ ಬಡ್ಕಂಡೆ. ಕೇಳಿದ್ರಾ?"

"ಸುಮ್ಕೆ ಕೂತ್ಕಳೇ! ಒಂದು ಬೀಡಿ ಸೇದಾದ್ರೊಳ್ಗೆ ಆಚೆ ದಡ!"

ಹಗ್ಗ ಎಳೆದೆ. ಎಂಜಿನ್ನು ಗರ್ಜಿಸಿತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಬಾಯಿಬಿಟ್ಟು ನೋಡಿದರು. ನಾನು ಎದೆಯುಬ್ಬಿಸಿದೆ. ಸರಿಯಾಗಿ ನಡುಗೆರೆಗೆ ಬಂದಾಗ ಗೊರ್, ಗೊರ್, ಗೊ... ಅಷ್ಟೇ!

ಮೈಯೆಲ್ಲ ಉರಿದುಹೋಯಿತು. ಪೆಟ್ರೋಲ್ ಡಬ್ಬದ ಮುಚ್ಚಳ ತಿರುಪಿ ತೆಗೆದು ನೋಡಿದೆ. ಬೇಕಾದಷ್ಟಿತ್ತು. ಮುಚ್ಚಿ ಹಗ್ಗ ಎಳೆದೆ. ಹೊರಟಿತು! "ನೋಡಿದ್ಯಾ?" ಎಂದು ಮೀಸೆ ತೀಡುವಷ್ಟರಲ್ಲಿ ಮತ್ತೆ ನಿಂತಿತು.

"ಸಿರಾದ ಅಂಗಡಿಯವನು ಪೆಟ್ರೋಲಿಗೆ ನೀರು ಬೆರೆಸವ್ನೆ ಕಣೇ! ಅವನ ಚರ್ಮ ಸುಲೀತೀನಿ!"

"ಆಮ್ಯಾಕೆ ಸುಲೀರಂತೆ. ಈಗ ಹುಟ್ಟು ಹಾಕಿ."

ಹುಟ್ಟು? ಯಂತ್ರವಿರುವ ದೋಣಿಗೆ ಹುಟ್ಟೆಂದರೆ ಅವಮಾನ ಎಂದು ಅದನ್ನು ದಡದಲ್ಲೇ ಬಿಟ್ಟು ಬಂದಿದ್ದೆ! ಇದನ್ನು ಹೇಳಿದಾಗ ಹೊನ್ನಕ್ಕ ನನ್ನನ್ನು ನೋಡಿದ ನೋಟವನ್ನು ವರ್ಣಿಸುವ ಧೈರ್ಯ ನನಗಿಲ್ಲ.

ತಲೆಯ ಜರಿಪೇಟ ಬಿಚ್ಚಿ, ಪೆಟ್ರೋಲನ್ನೆಲ್ಲ ಅದರಲ್ಲಿ ಸೋಸಿದೆ. ಒಂದು ಹನಿ ನೀರು ಸಿಗಲಿಲ್ಲ. ತಿರುಗಿ ತುಂಬಿ ಎಳೆದೆ. ನಾಲ್ಕು ಮಾರು ಓಡಿ ನಿಂತಿತು. ಹಾಗಾದರೆ ಒಳಗಿನ ಸಣ್ಣ ನಳಿಕೆಯಲ್ಲಿ ಕಸ! ಅದನ್ನು ಬಿಚ್ಚಿ ಬಾಯಲ್ಲಿಟ್ಟು ಉಫ್ ಎಂದು ಊದಿದೆ. ಬಾಯಿ, ಮೂಗು, ಅಂಗಿಯೆಲ್ಲ ಪೆಟ್ರೋಲು. ಮತ್ತೆ ಎಳೆದೆ, ಮತ್ತೆ ಓಡಿತು, ಮತ್ತೆ ನಿಂತಿತು. ರೇಗಿಹೋಗಿ ಎಂಜಿನ್ನಿಗೆ ಒದ್ದೆ. ಎಂಜಿನ್ನಿಗೆ ಏನೂ ಆಗಲಿಲ್ಲ, ನನ್ನ ಹೆಬ್ಬೆರಳು ಊದಿಕೊಂಡಿತು.

ಆಚೆ ದಡದಿಂದ ವಾಲಗ ಕೇಳಿಸುತ್ತಿತ್ತು. ಹೆಣ್ಣಿನ ಅಪ್ಪ ದೊಡ್ಡರಂಗಪ್ಪ ನೀರಿನಂಚಿಗೆ ಬಂದು ಕೂಗಿದ:

"ಓವರ್ಸಿಯರೇ! ಮೂರ್ತ ಮೀರ್ತಾ ಐತೆ! ಅಲ್ಲೇನು ಮೀನು ಹಿಡೀತಿದ್ದೀರಾ?"

"ಬಂದೆ ಕಣಯ್ಯಾ! ನಿನ್ನ ಗಂಟಲು ಹರ್ಕೋಬೇಡ!"

ಹೊನ್ನಕ್ಕನ ಕಣ್ಣಲ್ಲಿ ನೀರು ಬಂತು. "ಇರೋದು ಒಬ್ಬನೇ ತಮ್ಮ. ಅವನ ಮೂರ್ತ ತಪ್ಪೋಗ್ಲಿ, ನಿಮ್ಮನ್ನ ಈ ಕೆರೆಗೇ ತಳ್ಳಿಬುಡ್ತೀನಿ!" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದ ಭರಕ್ಕೆ ಹಣೆಯ ಕುಂಕುಮವೂ ಹೋಯಿತು.

"ಅಯ್ಯೋ ಶಿವನೇ! ತಾಳಿ ಹಿಡ್ಕಂಡು ಬರೀ ಹಣೇಲಿ ಹೆಂಗೆ ಹೋಗ್ಲಿ?"

ಸುತ್ತ ನೋಡಿದಳು. ಬೆಳಿಗ್ಗೆ ನಾನು ಎಂಜಿನ್ನಿಗೆ ಭಕ್ತಿಯಿಂದ ಪೂಜೆ ಮಾಡಿ, ಪೆಟ್ರೋಲ್ ಡಬ್ಬದ ಮುಚ್ಚಳದ ನಟ್ಟನಡುವೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಕಾಸಗಲ ಮೆತ್ತಿದ್ದೆ. ಅವಳು ಅದನ್ನು ಉಗುರಿನಿಂದ ಕೆರೆದು ಹಣೆಗಿಟ್ಟುಕೊಂಡಳು. ಡಬ್ಬ ಸುಯ್ ಎಂದು ಉಸಿರೆಳೆದುಕೊಂಡಿತು!

ಹಗ್ಗ ಎಳೆದೆ. ಎಂಜಿನ್ನು ಓಡಿತು. ಓಡಿತು, ಓಡುತ್ತಲೇ ಇತ್ತು!

ನನಗೆ ಎಲ್ಲ ತಿಳಿಯಿತು. ಆ ಮುಚ್ಚಳದ ನಡುವೆ ಗಾಳಿಗೆಂದು ಒಂದು ಸಣ್ಣ ತೂತಿದೆ. ಗಾಳಿ ಒಳಗೆ ಹೋದರೆ ತಾನೇ ಪೆಟ್ರೋಲು ಕೆಳಗಿಳಿಯುವುದು? ನಾನು ಮುಚ್ಚಳವನ್ನೋ ನಳಿಕೆಯನ್ನೋ ಬಿಚ್ಚಿದಾಗಲೆಲ್ಲ ಗುಟುಕು ಗಾಳಿ ಕುಡಿದು ಅದು ಅಷ್ಟು ದೂರ ಓಡುತ್ತಿತ್ತು. ಆದರೆ ಇದನ್ನೆಲ್ಲ ಹೆಂಡತಿಗೆ ಹೇಳುವುದುಂಟೇ?

"ನಾನು ಊದಿದ್ದು ಈಗ ಕೆಲಸ ಮಾಡ್ತು ನೋಡು!" ಎಂದೆ.

ಅವಳು ಮುಚ್ಚಳ ನೋಡಿದಳು, ಕೆಂಪಾದ ತನ್ನ ಉಗುರು ನೋಡಿಕೊಂಡಳು. "ಈ ತೂತಿಗೆ ಕುಂಕುಮ ಮೆತ್ತಿದ್ದ ಪುಣ್ಯಾತ್ಮ ಯಾರು?"

"ದಡ ಬಂತು. ಇಳಿ, ಇಳಿ!"

ತಾಳಿ ಸರಿಯಾದ ಹೊತ್ತಿಗೆ ಮುಟ್ಟಿತು. ಬೀಗರ ಮುಂದೆ ಬರಿತಲೆಯಲ್ಲಿ ನಿಲ್ಲುವುದೇ? ಪೆಟ್ರೋಲು ತೊಟ್ಟಿಕ್ಕುತ್ತಿದ್ದ ಪೇಟವನ್ನೇ ಸುತ್ತಿಕೊಂಡು ಗಂಭೀರವಾಗಿ ಹೆಜ್ಜೆಯಿಟ್ಟೆ. ಆರತಿ ಹಿಡಿದು ಬಂದ ಹೆಂಗಸರು ಮೂಗು ಮುಚ್ಚಿಕೊಂಡು ನಿಂತರು. ದೊಡ್ಡರಂಗಪ್ಪ ಹೌಹಾರಿ ಅಡ್ಡ ಬಂದ:

"ದೀಪ ಹಿಂದಕ್ಕೆ ತಗೀರಮ್ಮೋ! ಹತ್ಕಂಡರೆ ಚಪ್ಪರ ಸಮೇತ ಹೋಯ್ತದೆ! ಓವರ್ಸಿಯರೇ, ನೀವು ಆ ಹುಣಿಸೇ ಮರದ ತಾವ ನಿಂತ್ಕಳಿ. ಅಕ್ಷತೇನ ಅಲ್ಲಿಂದ್ಲೇ ಹಾಕಿ."

ಮದುಮಗನ ಸ್ವಂತ ಭಾವನನ್ನು ಮರದಡಿಗೆ ಅಟ್ಟುವುದೇ! ಹಲ್ಲು ಕಡಿಯುತ್ತ ಹೋಗಿ ನಿಂತೆ. ಗಟ್ಟಿಮೇಳ ಮೊಳಗಿತು. ಇದ್ದಬದ್ದ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು, ಹಿಡಿ ತುಂಬ ಅಕ್ಷತೆಯನ್ನು ಬೀಸಿ ಎಸೆದೆ. ಅದು ಚಪ್ಪರಕ್ಕೂ ನನಗೂ ನಡುವೆ ನೆಲಕ್ಕೆ ಬಿತ್ತು. ಕೋಳಿಗಳು ಓಡಿಬಂದು ಹೆಕ್ಕಿ ತಿಂದವು.

ಚಪ್ಪರದೊಳಗಿಂದ ಹೊನ್ನಕ್ಕನ ದನಿ ವಾಲಗವನ್ನೂ ಮೀರಿ ಕೇಳಿಸಿತು:

"ನೋಡ್ರವ್ವಾ! ನಮ್ಮನೆಯೋರ ಆಶೀರ್ವಾದಾನೂ ಅರ್ಧ ದಾರೀಲೇ ನಿಂತೋಯ್ತು!"