ಬೆನ್ನುಗಣ್ಣನ ಐದು ನಿಮಿಷ

ಭಾವ ಹೊಸ ಯಂತ್ರ ಮಾಡುತ್ತಿದ್ದಾರೆ ಎಂದರೆ ಮೊದಲು ಖಾಲಿಯಾಗುವುದು ನಮ್ಮಕ್ಕನ ಅಡುಗೆಮನೆ. ಈ ಸಲ ಹೋದದ್ದು ಐದು ಲೀಟರಿನ ಕುಕ್ಕರು ಮತ್ತು ಇಡ್ಲಿ ತಟ್ಟೆ. ಮೂರು ತಿಂಗಳಿಂದ ಆ ಮನೆಯಲ್ಲಿ ಇಡ್ಲಿಯ ಮುಖ ಕಂಡವರಿಲ್ಲ.

"ನೋಡು ಮರುಳಪ್ಪ, ಇವನೇ ಬೆನ್ನುಗಣ್ಣ! ಪ್ರಪಂಚದಲ್ಲಿ ಇಂಥದ್ದು ಇದೊಂದೇ!" ತಿಪಟೂರಿನ ಮನೆಯ ಹಿಂದಿನ ಬಯಲಿನಲ್ಲಿ ಭಾವ ಷಡಕ್ಷರಿಯವರು ಎದೆಯುಬ್ಬಿಸಿ ನಿಂತಿದ್ದರು.

"ಒಂದೇ ಇರೋದು ಒಳ್ಳೇದೇ ಆಯ್ತು ಬಿಡಿ. ನನ್ನ ಹತ್ರ ಇನ್ನೊಂದು ಕುಕ್ಕರಿಲ್ಲ," ಎಂದಳು ನಮ್ಮಕ್ಕ ನೀಲಕ್ಕ.

ಭಾವ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ನಾನು ಬಸ್ ಕಂಡಕ್ಟರಾಗಿದ್ದವನು, ಮೂವತ್ತೊಂದು ವರ್ಷ ಸೇವೆ. ಭಾವ ಹರಾಜಿನಲ್ಲಿ ಒಂದು ಹಳೆಯ ಬಸ್ಸು ತಂದು, ಎರಡು ವರ್ಷ ಕುಟ್ಟಿ ತಟ್ಟಿ, ಅದನ್ನು ಓಡಾಡುವ ಮನೆ ಮಾಡಿದ್ದರು. ಒಳಗೆ ಮಂಚ, ಬಚ್ಚಲು, ಫ್ಯಾನು. ಹಿಂಭಾಗದಲ್ಲಿ ಅಡುಗೆಮನೆ. ಅದಕ್ಕೆ ಬಸ್ಸಿನಷ್ಟೇ ಅಗಲದ ಜೋಡಿ ಬಾಗಿಲು. ಆ ಬಾಗಿಲು ಮಾತ್ರ ಅಕ್ಕನ ಹಟ.

"ನಲವತ್ತು ವರ್ಷದಿಂದ ಕಿಟಕೀಲಿ ಪಕ್ಕದ್ಮನೆ ಬಚ್ಚಲ ಗೋಡೆ ನೋಡ್ಕೊಂಡು ಕಾಫಿ ಕುಡ್ದಿದೀನಿ. ಒಂದೇ ಒಂದು ಸಲ ಸಮುದ್ರ ನೋಡ್ಕೊಂಡು ಕುಡೀಬೇಕು. ನನ್ನ ಒಲೆ ಮುಂದೆ ನಿಂತ್ಕೊಂಡು, ಸೂರ್ಯ ಮುಳುಗೋ ಹೊತ್ತಿಗೆ!"

ಪಾಪ, ಕೇಳಿದ್ದು ಅಷ್ಟೇ. ಆದರೆ ಬಾಗಿಲು ಹಿಂದಿದ್ದ ಮೇಲೆ ಬಸ್ಸನ್ನು ಸಮುದ್ರಕ್ಕೆ ಬೆನ್ನು ಮಾಡಿ, ಅಂದರೆ ರಿವರ್ಸಿನಲ್ಲಿ ತಂದು, ನಿಲ್ಲಿಸಬೇಕು. ಭಾವ ಮುಂದಕ್ಕೆ ಹೋಗುವುದರಲ್ಲಿ ಹುಲಿ, ಹಿಂದಕ್ಕೆ ಬರುವುದರಲ್ಲಿ ಇಲಿ. ಅಭ್ಯಾಸದ ಮೊದಲ ವಾರದಲ್ಲೇ ಹಾಲಿನ ಡೈರಿಯ ಬೋರ್ಡು, ಒಂದು ಲೈಟು ಕಂಬ ಮತ್ತು ನಮ್ಮ ಮನೆಯ ಗೇಟು ಮೂರನ್ನೂ ಮಲಗಿಸಿದ್ದರು. ಹಿಂದೆ ನಿಂತು ದಾರಿ ತೋರಿಸಬಾರದಿತ್ತೇ ಎಂದು ನೀವು ಕೇಳಬಹುದು. ತೋರಿಸಿದೆ ಸ್ವಾಮಿ! ನಾನು "ರೈಟ್ ಕಟ್" ಎಂದರೆ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ "ನಿನ್ನ ರೈಟೋ, ನನ್ನ ರೈಟೋ?" ಎಂದು ವಾದಕ್ಕೆ ನಿಂತರು. ವಾದ ಮುಗಿಯುವ ಮೊದಲೇ ಗೇಟು ಮುಗಿಯಿತು.

ಅದಕ್ಕೇ ಈ ಬೆನ್ನುಗಣ್ಣ. ಕುಕ್ಕರಿನೊಳಗೆ ಮಿದುಳು, ಬಸ್ಸಿನ ಬೆನ್ನಿಗೆ ಎರಡು ಕಣ್ಣು, ಡೀಸೆಲ್ ಸೋರಿದರೆ ಗೊತ್ತಾಗಲಿ ಎಂದು ಒಂದು ಮೂಗು, ಮಾತಾಡಲು ಒಂದು ಸ್ಪೀಕರು. ಸ್ಟೇರಿಂಗು, ಗೇರು, ಬ್ರೇಕು ಎಲ್ಲಾ ಅದರ ವಶ. ಬುದ್ಧಿ ಮಾತ್ರ ನನ್ನದು. ಇಡ್ಲಿ ತಟ್ಟೆಯನ್ನು ನನ್ನ ತಲೆಯ ಮೇಲೆ ಬೋರಲು ಹಾಕಿ, ಗುಳಿಗೊಂದು ವೈರು ಸಿಕ್ಕಿಸಿ, ಭಾವ ನನ್ನ ಸೇವಾನುಭವವನ್ನೆಲ್ಲ ಮೂರು ದಿನ ಹೀರಿಕೊಂಡಿದ್ದರು.

"ಬರೀ ಬಸ್ಸಿನ ಬಗ್ಗೆ ಯೋಚ್ನೆ ಮಾಡಪ್ಪ. ಬೇರೇದೇನಾದ್ರೂ ನೆನೆಸ್ಕೊಂಡ್ಯೋ, ಅದೂ ಒಳಕ್ಕೆ ಹೋಗ್ಬಿಡುತ್ತೆ!"

ನಾನು ಬಸ್ಸನ್ನೇ ಧ್ಯಾನಿಸಿದೆ. ಅಡುಗೆಮನೆಯಿಂದ ಅಕ್ಕನ ಕಾಫಿಯ ಘಮ ಬರುತ್ತಿತ್ತು. ಅದಕ್ಕೆ ನಾನೇನು ಮಾಡಲಿ?

ಬಯಲಿನಲ್ಲಿ ಎರಡು ಡ್ರಮ್ಮುಗಳ ನಡುವೆ ಪರೀಕ್ಷೆ. ಭಾವ ಗುಂಡಿ ಒತ್ತಿದರು. ಕುಕ್ಕರು "ಪೀಂ" ಎಂದು ಸೀಟಿ ಊದಿತು. ಆಮೇಲೆ ಕೇಳಿಸಿದ್ದು ನನ್ನದೇ ದನಿ!

"ಬರ್ಲಿ, ಬರ್ಲಿ, ಬರ್ಲೀ... ರೈಟ್ ಕಟ್... ಇನ್ನೂ ಬರ್ಲಿ... ಸಾಕ್! ಹೋಲ್ಡಾನ್!"

ಬಸ್ಸು ಎರಡೂ ಕಡೆ ಗೇಣು ಗೇಣು ಜಾಗ ಬಿಟ್ಟು ಡ್ರಮ್ಮುಗಳ ನಡುವೆ ನಿಂತಿತು. ನನ್ನ ಕಣ್ಣು ತುಂಬಿಬಂತು. ಈ ಗಂಟಲನ್ನು ಮೂವತ್ತೊಂದು ವರ್ಷ ಯಾರೂ ಹೊಗಳಿರಲಿಲ್ಲ.

"ಆಫ್ ಮಾಡೋ ಸ್ವಿಚ್ಚೆಲ್ಲಿ ಭಾವ?"

"ಸ್ವಿಚ್ಚಿದ್ರೆ ಯಾರಾದ್ರೂ ಆಫ್ ಮಾಡ್ತಾರೆ. ಅದಕ್ಕೇ ಇಟ್ಟಿಲ್ಲ!"

ಅಂದು ಬ್ಯಾಟರಿ ಎರಡೇ ನಿಮಿಷಕ್ಕೆ ಮುಗಿಯಿತು. ಪ್ರಯಾಣಕ್ಕೆ ತಿಂಗಳುಗಟ್ಟಲೆ ಬರುವಂಥದ್ದನ್ನು ಹಾಕುತ್ತೇನೆ ಎಂದರು ಭಾವ. ಹಾಕಿಯೂ ಬಿಟ್ಟರು.

ಒಂದೇ ರಾತ್ರಿ ಇದ್ದು ಬರುವುದೆಂದು ಹೊರಟು, ಶಿರಾಡಿ ಘಾಟಿ ಇಳಿದು, ಉಡುಪಿ ದಾಟಿ, ಕುಂದಾಪುರದ ದಾರಿಯಲ್ಲಿ ಕಡಲ ಪಕ್ಕದ ಒಂದು ತೋಟಕ್ಕೆ ಬಂದಾಗ ಸಂಜೆ ಐದು. ಇಂಥ ಮನೆಗಾಡಿಗಳಿಗೆ ತಂಗಲು ಜಾಗ ಕೊಡುವ ಭುಜಂಗ ಶೇರಿಗಾರರು ಎರಡು ತೆಂಗಿನ ಮರಗಳ ಸಂದಿ ತೋರಿಸಿದರು. ಸಂದಿಯ ಹಿಂದೆ ಮರಳು, ಮರಳಿನ ಹಿಂದೆ ಸಮುದ್ರ. ಸೂರ್ಯ ಮುಳುಗಲು ಇನ್ನು ಒಂದೂವರೆ ಗಂಟೆ.

"ಇದು ಇಲ್ಲಿ ಹಿಡೀತದಾ ಮಾರಾಯ್ರೆ?" ಎಂದು ಶೇರಿಗಾರರು ಬಸ್ಸನ್ನೂ ಮರಗಳನ್ನೂ ನೋಡಿದರು.

"ನೀವು ನೋಡ್ತಾ ಇರಿ!" ಎಂದು ಭಾವ ಗುಂಡಿ ಒತ್ತಿದರು.

ನಮ್ಮ ನಾಡಿನಲ್ಲಿ ಒಂದು ಗಾಡಿ ರಿವರ್ಸು ಬರುತ್ತಿದ್ದರೆ ಯಾರೂ ಸುಮ್ಮನೆ ದಾಟಿಹೋಗುವುದಿಲ್ಲ. ಕೈ ಆಡಿಸದೆ ಹೋದರೆ ಪಾಪ ಸುತ್ತಿಕೊಳ್ಳುತ್ತದೆ ಎಂಬ ನಂಬಿಕೆ ಇರಬೇಕು. ಬಲೆ ಹೆಣೆಯುತ್ತಿದ್ದವರು, ಕಾಯಿ ಕೀಳುತ್ತಿದ್ದವರು, ಗಾಳಿ ಸೇವನೆಗೆ ಬಂದವರು, ಎಲ್ಲರೂ ಓಡಿಬಂದರು.

"ಬನ್ನಿ ಬನ್ನಿ!" "ಲೆಫ್ಟಿಗೆ, ಲೆಫ್ಟಿಗೆ!" "ಲೆಫ್ಟಲ್ಲ, ರೈಟಿಗೆ!" "ನಿಲ್ಸಿ ಮಾರಾಯ್ರೆ, ಮರ ಉಂಟು!"

"ಯಾರ್ರೀ ಅದು ಕೂಗೋದು?" ಎಂದಿತು ಬೆನ್ನುಗಣ್ಣ. "ಇಲ್ಲಿ ಕಂಡಕ್ಟರ್ ನಾನಾ, ನೀವಾ?"

ಎಲ್ಲರೂ ಎತ್ತಿದ ಕೈ ಇಳಿಸಿದರು. ಬಸ್ಸು ಬರ್ಲಿ ಬರ್ಲಿ ಎನ್ನುತ್ತಾ ಬಂದು ಮರಗಳ ಸಂದಿಯಲ್ಲಿ ಅಚ್ಚುಕಟ್ಟಾಗಿ ಕೂತಿತು. ಚಪ್ಪಾಳೆಯೋ ಚಪ್ಪಾಳೆ!

ಅಕ್ಕ ಜೋಡಿ ಬಾಗಿಲು ತೆರೆದಳು. ಬಾಗಿಲ ತುಂಬ ಸಮುದ್ರ. ಅಕ್ಕ ಸೆರಗು ಸಿಕ್ಕಿಸಿ, ಉಡುಪಿಯಲ್ಲಿ ಕೊಂಡಿದ್ದ ಮೂರು ಪ್ಯಾಕೆಟ್ ಹಾಲಿನಲ್ಲಿ ಒಂದನ್ನು ಒಲೆಗಿಟ್ಟಳು. ಹಾಲು ಇನ್ನೇನು ಉಕ್ಕಬೇಕು.

ಪೀಂ!

"ಐದು ನಿಮಿಷ ಆಯ್ತು! ಕೆಳಗಿರೋರೆಲ್ಲ ಹತ್ಕಳಿ! ರೈಟ್, ರೈಟ್!"

ಬಸ್ಸು ಹೊರಟೇಬಿಟ್ಟಿತು! ಹಿಂದಿನ ಬಾಗಿಲುಗಳು ಪಟಪಟ ಬಡಿಯುತ್ತಿದ್ದವು. ಹಾಲಿನ ಪಾತ್ರೆ ಬೋರಲು.

"ರೀ! ನನ್ನ ಎಲ್ಲಿಗ್ರೀ ಕರ್ಕೊಂಡ್ ಹೋಗ್ತಿದೀರ?"

"ನಾನು ಕೆಳಗಿದೀನಿ ಕಣೇ!" ಭಾವ ಪಂಚೆ ಎತ್ತಿಕಟ್ಟಿಕೊಂಡು ಮರಳಿನಲ್ಲಿ ಓಡತೊಡಗಿದರು. ಅವರ ಹಿಂದೆ ನಾನು.

ದೊಡ್ಡ ರಸ್ತೆಯ ಬಳಿ ಬಸ್ಸು ತಾನಾಗಿಯೇ ನಿಂತಿತ್ತು. ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೈ ತೋರಿಸಿದ್ದಳು. ಕೈ ತೋರಿಸಿದವರನ್ನು ಬಿಟ್ಟು ಹೋದವನಲ್ಲ ನಾನು. ನಾವು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ಗುಲಾಬಿ ಎಂಬ ಆಕೆ ಹತ್ತಿ, ಬುಟ್ಟಿಯನ್ನು ಒಲೆಯ ಪಕ್ಕದಲ್ಲೇ ಇಟ್ಟು, ಮಂಚದ ಮೇಲೆ ಕೂತಾಗಿತ್ತು. ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ನಮ್ಮಕ್ಕ ಮೂಗಿಗೆ ಸೆರಗು ಹಿಡಿದು ಮೂಲೆಯಲ್ಲಿ ನಿಂತಿದ್ದಳು.

"ಕೋಟಕ್ಕೆ ಹೋಗ್ತದಲ್ಲ?" ಎಂದು ಕೇಳಿದಳು ಗುಲಾಬಿ.

"ಇದು ಬಸ್ಸಲ್ಲಮ್ಮ, ಮನೆ!" ಎಂದರು ಭಾವ.

"ಮನೆಯಾದ್ರೆ ಎಂತಕ್ಕೆ ರೋಡಲ್ಲಿ ನಿಲ್ಸಿದ್ದು?"

ಭಾವ ನನ್ನ ಮೇಲೆ ತಿರುಗಿದರು. "ಎಲ್ಲಾ ನಿನ್ನಿಂದ್ಲೇ! ಐದು ನಿಮಿಷಕ್ಕೆ ಎದ್ದು ಹೊರಡೋದು ಯಾವ ಸೀಮೆ ಬುದ್ಧಿಯಯ್ಯಾ?"

"ಸ್ಟ್ಯಾಂಡಲ್ಲಿ ಅದಕ್ಕಿಂತ ಜಾಸ್ತಿ ನಿಲ್ಸಿದ್ರೆ ಮೆಮೋ ಕೊಡ್ತಿದ್ರು ಭಾವ! ಮೂವತ್ತೊಂದು ವರ್ಷ ಒಂದು ಮೆಮೋ ತಗೊಂಡಿಲ್ಲ ನಾನು!"

"ಈಗ ನಾನು ಕೊಡ್ತೀನಿ, ತಗೋ!"

ಮತ್ತೆ ಗುಂಡಿ. ಮತ್ತೆ ಬರ್ಲಿ ಬರ್ಲಿ. ಬಸ್ಸು ಅದೇ ಸಂದಿಯಲ್ಲಿ ಅಷ್ಟೇ ಚೆಂದವಾಗಿ ಬಂದು ನಿಂತಿತು. ಗುಲಾಬಿ ಇಳಿಯಲಿಲ್ಲ. ಇಷ್ಟು ನಿಯತ್ತಿನ ಬಸ್ಸು ಇವತ್ತಲ್ಲ ನಾಳೆ ಕೋಟಕ್ಕೂ ಹೋದೀತೆಂದು ಆಕೆಯ ಲೆಕ್ಕ. ಅಕ್ಕ ಎರಡನೆಯ ಪ್ಯಾಕೆಟ್ ಒಲೆಗಿಟ್ಟಳು. ಭಾವ ಉಪಾಯ ಹೂಡಿ ಕುಕ್ಕರಿನ ಬಳಿ ಹೋಗಿ ದುಃಖದ ದನಿಯಲ್ಲಿ, "ಬಸ್ಸು ಕೆಟ್ಟಿದೆಯಪ್ಪ, ಇನ್ನು ಹೋಗಲ್ಲ," ಎಂದರು.

"ಕೆಟ್ಟಿದ್ಯಾ?" ಎಂದಿತು ನನ್ನ ದನಿ ಜೋರಾಗಿ. "ಗಂಡಸರೆಲ್ಲ ಇಳೀರಿ! ಒಂದ್ ಕೈ ಹಾಕಿ ತಳ್ಳಿ!"

ಕೈ ಆಡಿಸಲು ಬಂದು ಬೈಸಿಕೊಂಡಿದ್ದ ಜನ ಇಂಥ ಅವಕಾಶಕ್ಕೇ ಕಾಯುತ್ತಿದ್ದರು. ಶೇರಿಗಾರರೇ ಮುಂದಾಗಿ "ಐಸಾ!" ಎಂದರು. ಹತ್ತಿಪ್ಪತ್ತು ಜನ ಹೆಗಲು ಕೊಟ್ಟು ನಮ್ಮ ಬಸ್ಸನ್ನು ಗೇಟಿನವರೆಗೆ ತಳ್ಳಿದರು. ಎರಡನೆಯ ಹಾಲೂ ನೆಲಕ್ಕೆ. ಜನರ ಉಪಕಾರಕ್ಕೆ ಭಾವ ಹಲ್ಲು ಕಚ್ಚಿಕೊಂಡು ಕೈ ಮುಗಿದರು.

ಮೂರನೆಯ ಸಲ ಮರಗಳ ಸಂದಿಗೆ ಬರುವ ಹೊತ್ತಿಗೆ ಸೂರ್ಯ ನೀರಿನಿಂದ ಎರಡು ಗೇಣು ಮೇಲಿದ್ದ. ಉಳಿದದ್ದು ಒಂದೇ ಪ್ಯಾಕೆಟ್. ಅಕ್ಕ ಅದನ್ನೂ ಒಲೆಗಿಟ್ಟಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನನಗೆ ತಡೆಯಲಾಗಲಿಲ್ಲ. ನಾನೇ ಕುಕ್ಕರಿನ ಮುಂದೆ ಹೋಗಿ ನಿಂತೆ.

"ಲೋ, ಇವತ್ತು ಇಲ್ಲೇ ಹಾಲ್ಟು. ನಾನು ಹೇಳ್ತಿದೀನಿ!"

"ಸೀಟಲ್ಲಿ ಕೂತ್ಕಳಿ ಸ್ವಾಮಿ. ದಾರೀಲಿ ನಿಲ್ಬೇಡಿ."

"ಅಯ್ಯೋ, ನೀನೇ ಕಣೋ ನಾನು! ಕಂಡಕ್ಟರ್ ಮರುಳಪ್ಪ!"

"ಎಲ್ರೂ ಹಂಗೇ ಹೇಳೋದು. ಪಾಸ್ ಇದ್ರೆ ತೋರ್ಸಿ."

ಜೇಬು ತಡಕಿದೆ. ನಿವೃತ್ತರಿಗೆ ಕೊಟ್ಟ ಪಾಸು ಮನೆಯ ಬೀರುವಿನಲ್ಲಿತ್ತು. ನಾನು ಎಂಥ ಮೊಂಡ ಮನುಷ್ಯ ಎಂಬುದು ನನಗೆ ತಿಳಿದದ್ದು ಅವತ್ತೇ. "ಒಬ್ಬನ್ನ ತಡ್ಕೊಳ್ಳೋದೇ ಕಷ್ಟ ಆಗಿತ್ತು, ಈಗ ಇಬ್ರು!" ಎಂದಳು ಅಕ್ಕ ಒಲೆಯ ಮುಂದಿನಿಂದ.

ಕೊನೆಗೂ ಹಾಲು ಉಕ್ಕಿತು. ಆದರೆ ಇಂಜಿನ್ ಗುಡುಗುವ ನಡುಕಕ್ಕೆ ಮುಕ್ಕಾಲು ಪಾಲು ಒಲೆಯ ಮೇಲೇ ಹೋಯಿತು. ಉಳಿದದ್ದರಲ್ಲಿ ಆದದ್ದು ಒಂದೇ ಲೋಟ ಕಾಫಿ. ಅಕ್ಕ ಅದನ್ನು ಸೆರಗಿನಲ್ಲಿ ಹಿಡಿದು, ಸಮುದ್ರದ ಕಡೆ ತಿರುಗಿ, ತುಟಿಯ ಹತ್ತಿರ ತಂದಳು.

ಪೀಂ! "ಐದು ನಿಮಿಷ ಆಯ್ತು!"

"ಕುಡಿದ್ಬಿಡೇ ಬೇಗ!" ಎಂದು ಭಾವ ಕೂಗಿದರು.

"ಓಡೋ ಬಸ್ಸಲ್ಲಿ ಗಟಗಟ ನುಂಗೋಕೆ ನಲವತ್ತು ವರ್ಷ ಕಾದಿದ್ನೇನ್ರೀ?" ಎಂದವಳೇ ಅಕ್ಕ ಥಟ್ಟನೆ ನಿಂತಳು. ಕುಕ್ಕರನ್ನು ನೋಡಿದಳು. ನನ್ನನ್ನು ನೋಡಿದಳು. "ಮರುಳ, ಹೊನ್ನವಳ್ಳಿ ರೂಟು ನೆನಪಿದ್ಯೇನೋ?"

ನೆನಪಿಲ್ಲದೆ ಏನು! ಹನ್ನೊಂದು ವರ್ಷ ನನ್ನ ಏಳೂ ನಲವತ್ತರ ಬಸ್ಸು ಅಕ್ಕನ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಅಲ್ಲಿ ಸ್ಟಾಪು ಇರಲಿಲ್ಲ. ಆದರೆ ಅಕ್ಕ ಲೋಟ ಹಿಡಿದು ಗೇಟಿನಲ್ಲಿ ನಿಂತಿರುತ್ತಿದ್ದಳು. ಬಸ್ಸಿನ ತುಂಬ ಜನ ಬೈದುಕೊಳ್ಳುತ್ತಿದ್ದರೂ ಲೋಟದ ತಳ ಕಾಣುವವರೆಗೆ ನಾನು ರೈಟ್ ಹೇಳಿದವನಲ್ಲ.

ಅಕ್ಕ ಇನ್ನೊಂದು ಲೋಟ ತೆಗೆದಳು. ಇದ್ದ ಕಾಫಿಯನ್ನು ಬೈಟೂ ಮಾಡಿದಳು. ಅರ್ಧವನ್ನು ಕುಕ್ಕರಿನ ಮುಂದೆ ಇಟ್ಟು, "ತಗೋಳಪ್ಪ, ಬಿಸಿಯಿದೆ. ನಿಧಾನಕ್ಕೆ ಕುಡಿ," ಎಂದಳು.

ಡೀಸೆಲ್ ವಾಸನೆ ಹಿಡಿಯಲು ಇಟ್ಟಿದ್ದ ಮೂಗಿನ ದೀಪ ಮಿಣಕ್ ಮಿಣಕ್ ಎಂದಿತು. ಇಂಜಿನ್ ಆಫ್!

"ಎರಡ್ ನಿಮಿಷ ಇರ್ರೀ ಎಲ್ರೂ," ಎಂದಿತು ನನ್ನ ದನಿ. "ನಮ್ಮಕ್ಕನ ಕಾಫಿ."

ಬೆನ್ನುಗಣ್ಣನಿಗೆ ಭಾವ ಕಣ್ಣು ಕೊಟ್ಟಿದ್ದರು, ಮೂಗು ಕೊಟ್ಟಿದ್ದರು, ದನಿ ಕೊಟ್ಟಿದ್ದರು. ಬಾಯಿ ಕೊಟ್ಟಿರಲಿಲ್ಲ. ಕಾಫಿ ಮುಗಿಯುವುದಾದರೂ ಹೇಗೆ?

ಅಕ್ಕ ತನ್ನ ಅರ್ಧ ಲೋಟ ಹಿಡಿದು ಬಾಗಿಲಲ್ಲಿ ನಿಂತಳು. ಸೂರ್ಯ ನೀರಿಗೆ ತಾಗಿದ. ಭಾವ ತಮ್ಮ ಯಂತ್ರದ ಬಗ್ಗೆ ಏನೋ ಹೇಳಲು ಬಾಯಿ ತೆರೆದರು, ನಾನು ಅವರ ಕೈ ಅದುಮಿದೆ. ಗುಲಾಬಿ ಯಾರೂ ಹೇಳದೆಯೇ ಬುಟ್ಟಿ ಎತ್ತಿ ಹೊರಗಿಟ್ಟು ಬಂದಳು. ಅಕ್ಕ ಗುಟುಕು ಗುಟುಕಾಗಿ, ಪೂರ್ತಿ ಕತ್ತಲಾಗುವವರೆಗೆ, ಆ ಅರ್ಧ ಲೋಟವನ್ನು ಕುಡಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ನನಗೆ ಕಾಫಿ ಸಿಗಲಿಲ್ಲ ಎಂಬುದೇ ಮರೆತುಹೋಯಿತು.

"ಹೆಂಗಿದೆ?" ಎಂದರು ಭಾವ ಮೆಲ್ಲಗೆ.

"ಸಕ್ಕರೆ ಕಮ್ಮಿ ಆಯ್ತು," ಎಂದಳು ಅಕ್ಕ, ಕಣ್ಣೊರೆಸಿಕೊಂಡು.

ಗುಲಾಬಿಯನ್ನು ಶೇರಿಗಾರರು ತಮ್ಮ ಸ್ಕೂಟರಿನಲ್ಲಿ ಕೋಟಕ್ಕೆ ಬಿಟ್ಟುಬಂದರು.

ಮರುದಿನ ಬೆಳಿಗ್ಗೆ ಭಾವ ಊರಿಗೆ ಹೊರಡೋಣವೆಂದರು. ಬೆನ್ನುಗಣ್ಣ "ಇರ್ರೀ, ಕಾಫಿ ಮುಗೀಲಿ," ಎಂದಿತು. ಭಾವ ಲೋಟವನ್ನು ಹೊರಗೆ ಚೆಲ್ಲಿ, ಸ್ನಾನ ಮಾಡಿ ಬರುವಷ್ಟರಲ್ಲಿ ಅಲ್ಲಿ ಇನ್ನೊಂದು ಲೋಟ ಹೊಗೆಯಾಡುತ್ತಿತ್ತು! ಅದರ ಮರುದಿನವೂ ಹಾಗೇ. ಭಾವ ಲೋಟವನ್ನು ಬಗ್ಗಿ ನೋಡಿ, ಚೆಲ್ಲಿದ್ದು ಆವಿಯಾಗಿ ಮತ್ತೆ ಲೋಟಕ್ಕೇ ಬಂದು ಸೇರುತ್ತಿದೆ, ಇದು ವಿಜ್ಞಾನಕ್ಕೇ ಹೊಸದು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ದಿನವೂ ಭಾವ ಬಚ್ಚಲಿಗೆ ಹೋದ ಮೇಲೆ ಯಾರು ಬಂದು ಲೋಟ ತುಂಬಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಬಳೆ ಸದ್ದಾಗದ ಹಾಗೆ ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದುಕೊಂಡು ಬರುತ್ತಿದ್ದಳು. ನಾನು ಹೊದಿಕೆಯೊಳಗೇ ಇದ್ದೆ.

ಹೀಗೆ ಒಂಬತ್ತು ದಿನ ಕಳೆದ ಮೇಲೆ ಅಕ್ಕನೇ "ಸಾಕು, ನಡೀರಿ," ಎಂದು ಲೋಟ ತೊಳೆದಿಟ್ಟಳು. ಬೆನ್ನುಗಣ್ಣ ಸೀಟಿ ಊದಿ, ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡು, ಎಲ್ಲರನ್ನೂ ಅವರವರ ಊರಿನಲ್ಲಿ ಇಳಿಸಿ, ನಮ್ಮನ್ನು ತಿಪಟೂರು ಮುಟ್ಟಿಸಿತು.

ನನ್ನ ಬಸ್ಸು ಒಂಬತ್ತು ದಿನ ತಡವಾಗಿ ಬಂದದ್ದು ಇದೇ ಮೊದಲು. ಒಬ್ಬ ಪ್ರಯಾಣಿಕನೂ ದೂರು ಕೊಡಲಿಲ್ಲ.