ಬಿರುಕು ನೋಡಲು ಬಂದವರು

ಯಾರೋ ಬರುತ್ತಾರೆ ಎಂದು ಗೊತ್ತಾದ ಕೂಡಲೇ ನಮ್ಮ ಮನೆ ನಮ್ಮದಾಗಿ ಉಳಿಯುವುದಿಲ್ಲ. ದಿನಾ ಕೂರುವ ಕುರ್ಚಿಯಲ್ಲಿ ಕೂತರೆ ಬೈಗುಳ, ದಿನಾ ಕೈ ಒರೆಸುವ ಟವೆಲ್ ಮುಟ್ಟಿದರೆ ಬೈಗುಳ. ತುಮಕೂರಿನಲ್ಲೂ ಹೀಗೇ ಇತ್ತು, ಕಡಲು ದಾಟಿ ಈ ಪ್ಲೇನ್‌ಫೀಲ್ಡ್ ಊರಿಗೆ ಬಂದ ಮೇಲೂ ಹೀಗೇ ಇದೆ. ಇದರಿಂದ ಆದದ್ದನ್ನು ಆದ ಹಾಗೇ ಹೇಳುತ್ತೇನೆ.

ಮನೆಯ ಬೆಲೆ ಏರುತ್ತಲೇ ಇರುತ್ತದೆ ಎಂದು ಎಲ್ಲರೂ ನಂಬಿದ್ದ ದಿನಗಳಲ್ಲಿ ಕೊಂಡ ಹಳೆಯ ಇಟ್ಟಿಗೆ ಮನೆ ನಮ್ಮದು. ಭೂಕಂಪವೆಂದರೆ ಕ್ಯಾಲಿಫೋರ್ನಿಯಾದವರ ಪಾಡು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಮೇಜಿನ ಮೇಲೆ ಕಾಫಿ ಲೋಟ ತಾನಾಗಿ ಸರಿಯಿತು. ಪಾತ್ರೆಗಳು ಗಲಗಲ ಎಂದವು. "ಯಾಕ್ರೀ ಟೇಬಲ್ ಅಲ್ಲಾಡಿಸ್ತೀರಾ?" ಎಂದಳು ಹೆಂಡತಿ ಶಶಿಕಲಾ, ಅಡುಗೆಮನೆಯಿಂದಲೇ. ಅಷ್ಟರಲ್ಲಿ ಎಲ್ಲ ನಿಂತಿತ್ತು. ಹಾಲ್‌ನ ಗೋಡೆಯಲ್ಲಿ ಮಾತ್ರ ಕಿಟಕಿಯ ಮೂಲೆಯಿಂದ ಮೇಲಿನವರೆಗೂ ಬೆರಳು ಹೋಗುವಷ್ಟು ಬಿರುಕು. ಅದರ ಮೇಲೇ ಮಗಳ ಕೋಣೆ. ಅವಳನ್ನು ನಮ್ಮ ಕೋಣೆಗೆ ಕರೆದುಕೊಂಡೆವು. ಆಮೇಲೆ ಬೀದಿಯಲ್ಲಿ ಲಾರಿ ಹೋದಾಗಲೆಲ್ಲ ನಾನು ಎದ್ದು ಗೋಡೆ ಹಿಡಿದುಕೊಳ್ಳುತ್ತಿದ್ದೆ. ಹಿಡಿದು ಏನು ಮಾಡುತ್ತಿದ್ದೆನೋ ಕಾಣೆ. ಇನ್ಶೂರೆನ್ಸಿನವರು ಭೂಕಂಪ ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದರು.

ಆಗ ಪಕ್ಕದ ಬೀದಿಯ ಪಾಟೀಲರು, ಬಾಗಲಕೋಟೆಯವರು, ಸುದ್ದಿ ತಂದರು. "ಇಂಥಾ ಹಳೇ ಇಟ್ಟಂಗಿ ಮನಿ ಗಟ್ಟಿ ಮಾಡ್ಸಾಕ ಸರ್ಕಾರ ರೊಕ್ಕ ಕೊಡತೈತಂತ್ರೀ. ಅಪ್ಲೈ ಮಾಡ್ರಿ. ಬಂದಾವ್ರಿಗೆ ಬಿರುಕು ತೋರಸ್ರಿ, ಮುಗೀತು."

ಅಪ್ಲೈ ಮಾಡಿದೆ. ತಿಂಗಳುಗಳು ಕಳೆದವು. ಕೊನೆಗೊಮ್ಮೆ, ಶನಿವಾರ ಇನ್‌ಸ್ಪೆಕ್ಟರು ಬರುತ್ತಾರೆ ಎಂದು ಫೋನು ಬಂತು.

"ಹೊರಗಿನೋರು ಬರ್ತಿದಾರೆ, ಹಾಲ್ ನೋಡಿ ಹೆಂಗಿದೆ!" ಎಂದಳು ಶಶಿ.

"ಅವರು ಬರ್ತಿರೋದೇ ಬಿರುಕು ನೋಡೋಕೆ ಕಣೇ."

"ಬಿರುಕು ನೋಡ್ಲಿ. ಧೂಳು ಯಾಕೆ ನೋಡ್ಬೇಕು? ಸೋಫಾ ಮೇಲೆಲ್ಲ ಉದುರ್ತಿದೆ. ಕೂತ್ರೆ ಅವರ ಪ್ಯಾಂಟ್ ಗತಿ?"

ಗೋಡೆಯ ಬಿರುಕು ಮುಚ್ಚುವ ಪುಟ್ಟಿಯ ಡಬ್ಬ ತಂದೆ. ಧೂಳು ಉದುರದಿರಲೆಂದು ಬಿರುಕಿಗೆ ತುಸುವೇ ಪುಟ್ಟಿ ಮೆತ್ತಿದೆ. ಅರ್ಧ ಮೆತ್ತಿದ್ದು ಅಸಹ್ಯವಾಗಿ ಕಂಡಿತು, ಪೂರ್ತಿ ಮೆತ್ತಿದೆ. ಪುಟ್ಟಿ ಬಿಳಿಚಿಕೊಂಡಿತ್ತು, ಬಣ್ಣ ಬಳಿದೆ. ಬಾಗಿಲಿಗೆ ಬರುವವರಿಗೆ ಅದೇ ಗೋಡೆಯ ಹೊರಮೈಯ ಬಿರುಕು ಮೊದಲು ಕಾಣುತ್ತದಲ್ಲ, ಅಲ್ಲಿಗೆ ಸಿಮೆಂಟು. ಹೇಗೂ ಬೆರಳಿಟ್ಟು ತೋರಿಸಿದರಾಯಿತು ಎಂದುಕೊಂಡೆ.

ಇನ್‌ಸ್ಪೆಕ್ಟರು ವಯಸ್ಸಾದವರು, ಸಂಭಾವಿತರು. ಬಾಗಿಲ ಬಳಿಯ ನಮ್ಮ ಚಪ್ಪಲಿಗಳನ್ನು ಕಂಡು ತಾವೂ ಶೂ ಬಿಚ್ಚಿದರು. ಉಪ್ಪಿಟ್ಟನ್ನು ಎರಡನೇ ಸಲವೂ ಹಾಕಿಸಿಕೊಂಡರು. ಆಮೇಲೆ, ಬಿರುಕು ಎಲ್ಲಿ ಎಂದರು. ಬೆರಳಿಟ್ಟೆ. ಕನ್ನಡಕ ಹಾಕಿಕೊಂಡು ಗೋಡೆಯನ್ನು ಮೇಲಿಂದ ಕೆಳಕ್ಕೆ ಸವರಿ, ಈ ಕೆಲಸ ಮಾಡಿದ್ದು ಯಾರು, ಬಹಳ ಚೊಕ್ಕವಾಗಿದೆ ಎಂದರು.

"ನಾನೇ!" ಎಂದೆ. ಎದೆಯುಬ್ಬಿತ್ತು ಎಂದು ಶಶಿ ಈಗಲೂ ಹೇಳುತ್ತಾಳೆ.

ನಿಮ್ಮ ಮಾತನ್ನು ನಂಬುತ್ತೇನೆ, ಆದರೆ ಕಾಣದ ಬಿರುಕಿಗೆ ಸಹಿ ಹಾಕಲಾರೆ ಎಂದರು ಅವರು. ಬಿರುಕು ತಾನಾಗಿ ಮತ್ತೆ ಬಿಟ್ಟರೆ ಫೋನ್ ಮಾಡಿ, ಕೆತ್ತಿ ತೆರೆದರೆ ನಮಗೆ ಗೊತ್ತಾಗುತ್ತದೆ ಎಂದೂ ಹೇಳಿ ಶೂ ಹಾಕಿಕೊಂಡರು.

"ಬಿರುಕು ಬಿಡ್ಲಿ ಅಂತ ಬೇಡಕೊಳ್ಳೋ ಮಂದಿನ ಮೊದಲ ಸಲ ನೋಡಾಕತ್ತೀನ್ರೀ," ಎಂದರು ಸುದ್ದಿ ಕೇಳಿದ ಪಾಟೀಲರು.

ಬೇಡಿಕೊಳ್ಳುತ್ತಲೇ ಇದ್ದೇನೆ. ಲಾರಿ ಹೋದರೆ ಈಗ ಗೋಡೆ ಹಿಡಿಯುವುದಿಲ್ಲ, ಆಸೆಯಿಂದ ನೋಡುತ್ತೇನೆ. ಮಗಳು "ವೆನ್ ಡು ಐ ಗೆಟ್ ಮೈ ರೂಮ್ ಬ್ಯಾಕ್?" ಎಂದು ಕೇಳುತ್ತಾಳೆ. ದಿನವೂ ಆಫೀಸಿಗೆ ಹೊರಡುವ ಮುಂಚೆ ಪುಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಗೋಡೆ ಬಿದ್ದರೂ ಅದು ನಿಲ್ಲುವಂತಿದೆ. ಒತ್ತಿ ಒತ್ತಿ ಅಲ್ಲೊಂದು ಕಲೆಯಾಗಿತ್ತು. ಇವತ್ತು ಸಂಜೆ ಪಾಟೀಲರು ಕಾಫಿಗೆ ಬರುತ್ತಾರೆಂದು ಅದನ್ನೂ ಈಗಷ್ಟೇ ಒರೆಸಿ, ಬಣ್ಣ ಹಚ್ಚಿ ಬಂದು ಕೂತಿದ್ದೇನೆ.