ಅತ್ತೆಯ ಉಪ್ಪಿಟ್ಟಿನ ಗುರೆಳ್ಳು

ನಮ್ಮ ಸೋದರತ್ತೆ ಮಾಡಿದ ಇಡ್ಲಿಯನ್ನು ಹಿತ್ತಿಲಲ್ಲಿ ಹೂತು ನೀರು ಹಾಕಿದರೆ ಎರಡೇ ದಿನದಲ್ಲಿ ಮೊಳಕೆ ಬರುತ್ತದೆ. ನಗಬೇಡಿ! ಅದರಲ್ಲಿ ಅಕ್ಕಿ, ಉದ್ದಿಗಿಂತ ಬೀಜಗಳೇ ಹೆಚ್ಚು. ರಾಯದುರ್ಗದ ನಮ್ಮ ಮನೆಯ ಅಡುಗೆಕೋಣೆ ಮೊದಲಿನಿಂದಲೂ ಅವಳದೇ ರಾಜ್ಯ. ಫೋನಿನಲ್ಲಿ ಯಾರೋ ಬೀಜಗಳ ಮಹಿಮೆ ಕೊಂಡಾಡಿದ್ದನ್ನು ಕೇಳಿದ್ದೇ ತಡ, ದೋಸೆಗೆ ಅಗಸೆ, ಮಂಡಕ್ಕಿ ಒಗ್ಗಾಣಿಗೆ ಸೂರ್ಯಕಾಂತಿ ಬೀಜ, ಉಪ್ಪಿಟ್ಟಿಗೆ ಗುರೆಳ್ಳು!

"ಅಕ್ಕಾ, ನಾವೇನು ಗಿಣಿಗಳೇನು?" ಎಂದು ಅಪ್ಪ ಒಮ್ಮೆ ಗೊಣಗಿದರು.

"ಗಿಣಿ ಆಗಿದ್ರ ಸುಮ್ನ ತಿಂತಿದ್ವು. ನೀನು ಮಾತಾಡ್ತಿ!"

ಮಡಕಶಿರಾದಿಂದ ಗಂಡಿನವರು ನನ್ನನ್ನು ನೋಡಲು ಬರುವ ದಿನ ಅಪ್ಪ ಕೈಮುಗಿದೇ ನಿಂತರು. "ಇವತ್ತೊಂದು ದಿನ ಬರೇ ಉಪ್ಪಿಟ್ಟು ಮಾಡಕ್ಕ. ಆಗ್ಲೇ ಎರಡು ಸಂಬಂಧ ತಪ್ಯಾವ."

"ಬೀಜಕ್ಕ ಅಂಜೋರ ಮನಿಗೆ ನಮ್ಮ ಹುಡುಗಿ ಯಾಕ ಹೋಗ್ಬೇಕು?"

ಹುಡುಗ ಫೋಟೋದಲ್ಲೇ ನನಗೆ ಹಿಡಿಸಿದ್ದ. ನನ್ನನ್ನು ಕೇಳುವವರು ಯಾರು?

ಹುಡುಗನ ತಾಯಿ ಮೊದಲ ತುತ್ತಿಗೇ ಕೈ ತಡೆದರು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದೇನವ್ವಾ ಕರ್ರಗೆ? ರವೆಗೆ ಹುಳ ಬಿದ್ದಿತ್ತೇನೋ?" ಅಂದರು.

"ಹುಳ ಆಗಿದ್ರ ಬಿಸಿಗೆ ಓಡಿ ಹೋಗ್ತಿತ್ತಲ್ರಿ! ಗುರೆಳ್ಳು ರೀ ಅದು. ತಿನ್ರಿ, ಮೊಣಕಾಲು ನೋವು ಹೋಗ್ತೈತಿ."

ಅವರಿಗೆ ಮೊಣಕಾಲು ನೋವಿದೆ ಎಂದು ಹೇಳಿದವರಾರು!

ಆಕೆ ಒಂದು ಕಾಳನ್ನು ನಾಲಿಗೆಯ ಮೇಲಿಟ್ಟು ನೋಡಿದರು. "ಓ, ಹುಚ್ಚೆಳ್ಳು! ನಮ್ ಕಡೆ ಹಂಗಂತೀವಿ ಕಣವ್ವಾ."

"ಈಗ ತಿಳೀತು ನೋಡಕ್ಕ, ನಿನಗ ಹಿಡಿದಿದ್ದು ಏನಂತ," ಎಂದು ಅಪ್ಪ ಬಾಯಿ ತಪ್ಪಿ ಅಂದುಬಿಟ್ಟರು.

ಹುಡುಗ ಕಿಸಕ್ಕನೆ ನಕ್ಕು, ತಟ್ಟೆ ಮುಂದೆ ಚಾಚಿ, "ಇನ್ನೊಂಚೂರು ಹಾಕಿ," ಅಂದ. ಅತ್ತೆ ಕೋಟೆ ಗೆದ್ದವಳಂತೆ ಅಪ್ಪನ ಕಡೆ ನೋಡಿದಳು. ಮದುವೆ ಗೊತ್ತಾಯಿತು.

ಮದುವೆ ಮುಗಿದು ಮಡಕಶಿರಾಕ್ಕೆ ಹೊರಡುವ ಬೆಳಿಗ್ಗೆ, ಹೇಳಿಹೋಗಲೆಂದು ಅಡುಗೆಕೋಣೆಗೆ ಇಣುಕಿದೆ. ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತು ಇಡ್ಲಿ ತಿನ್ನುತ್ತಿದ್ದಳು. ಬೆಳ್ಳನೆಯ ಇಡ್ಲಿ. ಹುಡುಕಿದರೂ ಒಂದು ಬೀಜವಿಲ್ಲ!

"ಅತ್ತೇ! ಇಷ್ಟು ದಿನ ನಮಗಷ್ಟ ಬೀಜ ತಿನ್ನಿಸಿದ್ಯಾ?"

ತಿರುಗಿದಳು. ಕೆನ್ನೆ ಒಳಗೆ ಹೋಗಿತ್ತು. ಹಲ್ಲಿನ ಸೆಟ್ಟು ಪಕ್ಕದ ಲೋಟದಲ್ಲಿತ್ತು.

"ಬೀಜ ಸೆಟ್ಟಿನ ಬುಡಕ ಸೇರಿ ಒಸಡು ಕೊರೀತಾವ ನನ್ನವ್ವ. ನಂದೇನು, ಮುಗೀತು. ನಿಮ್ಮದು ಇನ್ನೂ ಭಾಳ ದಿನ ಐತಿ."

"ಪುಡಿ ಮಾಡ್ಕೊಂಡು ತಿನ್ನಬೇಕಿಲ್ಲೋ?"

"ಪುಡಿ ತಿನ್ನೋದು ಮುದುಕೇರು!"

ಹೊರಗೆ ಕಾರು ಹಾರ್ನ್ ಹೊಡೆಯುತ್ತಿತ್ತು. ಹೊಡೆಯಲಿ! ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಹಿಡಿ ಅಗಸೆ ಹುರಿದು, ಕುಟ್ಟಿ, ಅವಳ ಇಡ್ಲಿಯ ಮೇಲೆ ಸುರಿದೆ.

"ಇದನ್ನ ನೀ ತಿಂದು ಮುಗಿಸೋತನ ನಾ ಕಾರು ಹತ್ತಂಗಿಲ್ಲ."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ತಿನ್ನತೊಡಗಿದಳು. ಅತ್ತೆ ಅಷ್ಟು ನಿಧಾನವಾಗಿ ತಿಂದದ್ದನ್ನು ನಾನು ಎಂದೂ ನೋಡಿರಲಿಲ್ಲ.